ಧರ್ಮನಿಧಿ ಸಂಗ್ರಹದ ಪರಂಪರೆ: ನೊಣಮಂಗಲದಿಂದ ಬಂಗಾರಪೇಟೆಯವರೆಗೆ

ಜಿನಬಿಂಬದ ಪ್ರತಿಷ್ಠೆಯು ಪಂಚಕಲ್ಯಾಣ ವಿಧಿಗಳಿಂದ ಪೂರ್ಣಗೊಳ್ಳುತ್ತದೆ. ಆದರೆ ಬಸದಿಯ ಬಾಳುವೆ ಆರಂಭವಾಗುವುದು ಅಲ್ಲಿಂದ ಮುಂದೆ. ಚಪ್ಪರ ಬಿಚ್ಚಿದ ಮರುದಿನ ಬೆಳಗ್ಗೆಯೂ ಅಭಿಷೇಕಕ್ಕೆ ಹಾಲು ಬೇಕು, ದೀಪಕ್ಕೆ ತುಪ್ಪ ಬೇಕು, ಪುರೋಹಿತರ ಸಂಸಾರ ನಡೆಯಬೇಕು, ಮಳೆಗಾಲಕ್ಕೆ ಮುನ್ನ ಮೇಲ್ಛಾವಣಿಯ ಬಿರುಕು ಮುಚ್ಚಬೇಕು. ಇವೆಲ್ಲಕ್ಕೂ ದ್ರವ್ಯ ಬೇಕು. ಈ ದ್ರವ್ಯವನ್ನು ಜೈನ ಸಮಾಜವು ಯಾವ ಕ್ರಮದಿಂದ ಕೂಡಿಸಿತು, ಯಾವ ಕ್ರಮದಿಂದ ಕಾಪಾಡಿತು ಎಂಬುದು ಧರ್ಮದ ಇತಿಹಾಸದಲ್ಲಿ ಒಂದು ಮುಖ್ಯವಾದ ಅಧ್ಯಾಯ. ರಾಜರ ದಾನಗಳನ್ನೂ ಮಂತ್ರಿಗಳ ಔದಾರ್ಯವನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೂ ಮನೆಯ ಬಾಗಿಲಿನಿಂದಲೂ ಉತ್ಸವದ ಚಪ್ಪರದಿಂದಲೂ ಬಂದ ಹಣದ ವೃತ್ತಾಂತಕ್ಕೆ ಅಷ್ಟು ಗಮನ ದೊರೆತಂತಿಲ್ಲ. ಈ ಪ್ರತಿಷ್ಠಾಪನಾ ಮಹೋತ್ಸವದ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವಾಗಿದೆ.

ಗಂಗರ ನಾಡಿನಲ್ಲಿ

ಕೋಲಾರ ಪ್ರಾಂತಕ್ಕೆ ಈ ವಿಷಯದಲ್ಲಿ ಹೆಮ್ಮೆಯ ಸ್ಥಾನವುಂಟು. ಇಂದಿನ ಕೋಲಾರವೇ ಪ್ರಾಚೀನ ಕುವಳಾಲಪುರ. ತಲಕಾಡಿಗೆ ಮುನ್ನ ಗಂಗರ ರಾಜಧಾನಿ. ತಲಕಾಡಿನಿಂದ ಆಳಿದ ಕಾಲದಲ್ಲಿಯೂ ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಈ ರಾಜ್ಯವು ಸ್ಥಾಪಿತವಾಯಿತೆಂದು ಪರಂಪರೆ ಹೇಳುತ್ತದೆ.

ಬಂಗಾರಪೇಟೆಯ ನೆರೆಯ ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ, ಪಾಳುಬಿದ್ದ ಬಸದಿಯ ನೆಲದಲ್ಲಿ, ಗಂಗರ ತಾಮ್ರಶಾಸನಗಳು ದೊರೆತವು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇವು ಸೇರಿವೆ. ಅವುಗಳಲ್ಲಿ ಒಂದು ದೊರೆ ಅವಿನೀತನದು. ವಿಜಯಕೀರ್ತಿ ಆಚಾರ್ಯರ ಉಪದೇಶದಂತೆ ಅವನು ಉರನೂರಿನ ಅರ್ಹದಾಯತನಕ್ಕೆ ಒಂದು ಗ್ರಾಮವನ್ನು ಬಿಟ್ಟುಕೊಟ್ಟನು. ಪೇರೂರಿನ ಮತ್ತೊಂದು ಜಿನಾಲಯಕ್ಕೆ ಗ್ರಾಮವನ್ನಲ್ಲ, ಹೊರಸುಂಕದ ಉತ್ಪನ್ನದಲ್ಲಿ ನಾಲ್ಕನೆಯ ಒಂದು ಭಾಗವನ್ನು ಗೊತ್ತುಪಡಿಸಿದನು.

ವ್ಯಾಪಾರ ಬಲ್ಲವರಿಗೆ ಈ ಎರಡು ದಾನಗಳ ನಡುವಿನ ಭೇದ ಸ್ಪಷ್ಟವಾಗಿ ಕಾಣುತ್ತದೆ. ಗ್ರಾಮದ ಉತ್ಪನ್ನ ಮಳೆಯನ್ನು ನಂಬಿದ್ದು. ಸುಂಕದ ಪಾಲು ದಾರಿಯಲ್ಲಿ ಹೋಗುವ ಹೇರನ್ನು ನಂಬಿದ್ದು. ಸರಕು ಹೆಚ್ಚಿದಂತೆ ಜಿನಾಲಯದ ಆದಾಯವೂ ಹೆಚ್ಚುತ್ತದೆ. ಒಬ್ಬನೇ ವರ್ತಕನ ಮೇಲೆ ಭಾರವೆಲ್ಲ ಬೀಳದು, ಎಲ್ಲ ವರ್ತಕರ ಪಾಲೂ ಅದರಲ್ಲಿ ಸೇರುತ್ತದೆ. ಅನೇಕರಿಂದ ಸ್ವಲ್ಪ ಸ್ವಲ್ಪವಾಗಿ, ತಪ್ಪದೆ, ಗೊತ್ತಾದ ಕಾರ್ಯಕ್ಕೆ ಹಣ ಬರುವ ಏರ್ಪಾಡು ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿತ್ತು ಎಂಬುದು ಸಾಮಾನ್ಯ ಸಂಗತಿಯಲ್ಲ.

ಅದೇ ತಾಮ್ರಪಟಗಳು ಇನ್ನೊಂದು ಸತ್ಯವನ್ನೂ ಹೇಳುತ್ತವೆ. ಅವು ದೊರೆತದ್ದು ಪೂಜೆ ನಡೆಯುತ್ತಿದ್ದ ಗುಡಿಯಲ್ಲಲ್ಲ, ಹಾಳು ದಿಬ್ಬದಲ್ಲಿ. ಕೊಟ್ಟ ದೊರೆಯ ಹೆಸರು ತಾಮ್ರದಲ್ಲಿ ಉಳಿಯಿತು, ದೀಪ ಹಚ್ಚುವವರು ಉಳಿಯಲಿಲ್ಲ. ಹೊಸ ಬಸದಿಯನ್ನು ಕಟ್ಟುವವರೆಲ್ಲ ನೊಣಮಂಗಲವನ್ನು ಒಮ್ಮೆ ನೆನೆಯತಕ್ಕದ್ದು.

ಬೆಳ್ಗೊಳದ ವರ್ತಕರು

ಏಕವ್ಯಕ್ತಿಯ ಮಹಾದಾನಕ್ಕೆ ಕರ್ನಾಟಕದಲ್ಲಿ ನಿದರ್ಶನಗಳು ಹೇರಳವಾಗಿವೆ. ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳ್ಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯುಂಟು. ಇಂಥವರು ಪ್ರತಿ ತಲೆಮಾರಿನಲ್ಲಿಯೂ ಹುಟ್ಟುವುದಿಲ್ಲ. ಚಾವುಂಡರಾಯನು ನಿಲ್ಲಿಸಿದ ಮೂರ್ತಿಗೆ ನಿತ್ಯದ ಪೂಜೆಯನ್ನು ನಡೆಸಿಕೊಂಡು ಬಂದವರಲ್ಲಿ ಸಾಮಾನ್ಯ ಶ್ರಾವಕರ, ವರ್ತಕರ ಪಾಲು ದೊಡ್ಡದು.

ಬೆಳ್ಗೊಳದ ಶಾಸನಗಳಲ್ಲಿ ಇದಕ್ಕೆ ಸ್ಪಷ್ಟವಾದ ಆಧಾರಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಮೊಸಳೆಯ ಬಸವಿಸೆಟ್ಟಿಯು ದೊಡ್ಡಬೆಟ್ಟದ ಮೇಲೆ ಇಪ್ಪತ್ತನಾಲ್ವರು ತೀರ್ಥಂಕರರ ಬಿಂಬಗಳನ್ನು ಪ್ರತಿಷ್ಠಾಪಿಸಿದನು. ಬಿಂಬಗಳನ್ನು ನಿಲ್ಲಿಸಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಮೊಸಳೆಯ ವರ್ತಕರು ಅವುಗಳ ಅಷ್ಟವಿಧಾರ್ಚನೆಗೆ ಪ್ರತಿವರ್ಷವೂ ತಾವು ಕೊಡತಕ್ಕ ಹಣವನ್ನು ನಿಶ್ಚಯಿಸಿ ಕಲ್ಲಿನಲ್ಲಿ ಬರೆಯಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ವಾರ್ಷಿಕ ವಂತಿಗೆಯ ಪಟ್ಟಿ. ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಇಡುಗಂಟಿನ ಪದ್ಧತಿ ಕಾಣುತ್ತದೆ. ಭಕ್ತರು ಕೆಲವು ಗದ್ಯಾಣಗಳನ್ನು ಒಪ್ಪಿಸುವರು. ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು, ಪೂಜೆಗೆ ಇಷ್ಟು ಹೂಮಾಲೆ ಎಂದು ಗೊತ್ತುಮಾಡುವರು. ಅದನ್ನು ತಪ್ಪದೆ ನಡೆಸುವ ಹೊಣೆಯನ್ನು ಬೆಳ್ಗೊಳದ ಮಾಣಿಕ್ಯನಖರರು, ಎಂದರೆ ರತ್ನವರ್ತಕರ ಸಂಘದವರು, ಹೊರುತ್ತಿದ್ದರು. ಮೂಲಧನ ಕರಗಬಾರದು, ಬಡ್ಡಿಯೇ ವೆಚ್ಚವಾಗಬೇಕು, ಹೊಣೆಗಾರರು ಯಾರೆಂಬುದು ಎಲ್ಲರಿಗೂ ತಿಳಿದಿರಬೇಕು ಎಂಬ ಮೂರು ನಿಯಮಗಳು ಆ ಕಲ್ಲುಗಳಲ್ಲಿ ಅಡಕವಾಗಿವೆ.

ಕ್ರಿ.ಶ. 1368ರ ಬುಕ್ಕರಾಯನ ಶಾಸನವು ಇದಕ್ಕಿಂತಲೂ ವಿಸ್ತಾರವಾದ ಏರ್ಪಾಡನ್ನು ತಿಳಿಸುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ದೊರೆಯು ಬಗೆಹರಿಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಕಾಪಾಡುವಂತೆ ಒಪ್ಪಿಸಿದ ಪ್ರಸಂಗವು ಸರ್ವವಿದಿತ. ಅದೇ ಶಾಸನದ ಮುಂದಿನ ಭಾಗದಲ್ಲಿ ಹಣಕಾಸಿನ ಕಟ್ಟಳೆಯಿದೆ. ರಾಜ್ಯದಲ್ಲಿರುವ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದನ್ನು ಎತ್ತಬೇಕು. ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕೊಡುವವರು ಯಾರು, ಎಷ್ಟು, ಎತ್ತುವವರು ಯಾರು, ಮೊದಲ ವೆಚ್ಚ ಯಾವುದು, ಉಳಿದದ್ದು ಎಲ್ಲಿಗೆ ಎಂಬ ಪ್ರಶ್ನೆಗಳಿಗೆಲ್ಲ ಒಂದೇ ಕಲ್ಲಿನಲ್ಲಿ ಉತ್ತರವಿದೆ. ಹಣವನ್ನು ಎತ್ತುವ ಹೊಣೆ ಅನ್ಯಮತೀಯನಾದ ಸಜ್ಜನನಿಗೆ ಸಂದದ್ದು ವಿಶೇಷವಾಗಿ ಗಮನಾರ್ಹ. ಧರ್ಮದ ಹಣವನ್ನು ಮುಟ್ಟುವವನಿಗೆ ಬೇಕಾದುದು ಎಲ್ಲರ ನಂಬಿಕೆ.

ಕಲಶ ಮತ್ತು ಸವಾಲು

ಉತ್ಸವದ ಮೂಲಕ ನಿಧಿ ಕೂಡಿಸುವ ಪದ್ಧತಿಗೆ ಕಲಶದ ಸವಾಲು ಪ್ರಸಿದ್ಧವಾದ ಉದಾಹರಣೆ. ಪಂಚಕಲ್ಯಾಣ ಮಹೋತ್ಸವದಲ್ಲಿ ಸೌಧರ್ಮೇಂದ್ರ, ಶಚಿ, ಕುಬೇರ, ತೀರ್ಥಂಕರರ ಮಾತಾಪಿತೃಗಳು ಮುಂತಾದ ಸ್ಥಾನಗಳಿಗೂ, ಧ್ವಜಾರೋಹಣ, ಕಲಶಾರೋಹಣ, ಪ್ರಥಮಾಭಿಷೇಕಗಳಿಗೂ ಸಭೆಯಲ್ಲಿ ಸವಾಲು ನಡೆಯುವುದುಂಟು. ಶ್ವೇತಾಂಬರ ಬಂಧುಗಳಲ್ಲಿ ಪರ್ಯುಷಣ ಪರ್ವದ ಕಾಲದಲ್ಲಿ ತ್ರಿಶಲಾದೇವಿ ಕಂಡ ಹದಿನಾಲ್ಕು ಸ್ವಪ್ನಗಳಿಗೆ ಇದೇ ರೀತಿ ಬೋಲಿ ನಡೆಯುತ್ತದೆ. ಅಲ್ಲಿ ಹಣದ ಬದಲು ಇಷ್ಟು ಮಣ ತುಪ್ಪವೆಂದು ಕೂಗುವ ಹಳೆಯ ರೂಢಿಯೂ ಇದೆ. ದೀಪಕ್ಕೆ ಬೇಕಾದ ತುಪ್ಪವೇ ದ್ರವ್ಯದ ಅಳತೆಯಾಗಿರುವುದು ಅರ್ಥಗರ್ಭಿತವಾಗಿದೆ.

ಸವಾಲಿನಿಂದ ಶ್ರೀಮಂತಿಕೆಯ ಪ್ರದರ್ಶನವಾಗುತ್ತದೆ, ಬಡ ಶ್ರಾವಕನು ಹಿಂದೆ ಉಳಿಯುತ್ತಾನೆ ಎಂಬ ಆಕ್ಷೇಪವುಂಟು. ಆಕ್ಷೇಪವು ನಿರಾಧಾರವೆಂದು ಹೇಳಲಾಗದು. ಇದಕ್ಕೆ ಪರಂಪರೆಯೇ ಉತ್ತರ ಕೊಟ್ಟಿದೆ. ಚಾವುಂಡರಾಯನು ಕೊಡಕೊಡಗಟ್ಟಲೆ ಹಾಲನ್ನು ಸುರಿಸಿದರೂ ಅದು ಗೊಮ್ಮಟನ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಈ ಐತಿಹ್ಯವನ್ನು ಕೇಳಿಯೇ ಪ್ರತಿಯೊಂದು ಜೈನ ಮನೆಯ ಮಗುವೂ ಬೆಳೆಯುತ್ತದೆ. ಗೊಮ್ಮಟನ ಎದುರಿಗೇ ಗುಳ್ಳಕಾಯಜ್ಜಿಯ ವಿಗ್ರಹವು ನಿಂತಿದೆ.

ಮಸ್ತಕಾಭಿಷೇಕದ ಪ್ರಾಚೀನ ಉಲ್ಲೇಖವು ಕ್ರಿ.ಶ. 1398ರ ಶಾಸನದಲ್ಲಿದೆ, ಪಂಡಿತಾರ್ಯರು ಏಳು ಸಲ ಅದನ್ನು ನಡೆಸಿದರೆಂದು ತಿಳಿದುಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನಡೆದ ಅಭಿಷೇಕಗಳ ಪೈಕಿ 1981ರ ಫೆಬ್ರವರಿ 22ರಂದು ನಡೆದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವು ಯೋಜನೆಯ ದೃಷ್ಟಿಯಿಂದ ಅಧ್ಯಯನಕ್ಕೆ ಯೋಗ್ಯವಾದುದು. ಏಲಾಚಾರ್ಯ ವಿದ್ಯಾನಂದ ಮುನಿಗಳ ಪ್ರೇರಣೆಯಿಂದಲೂ ಶ್ರೀಕ್ಷೇತ್ರದ ಚಾರುಕೀರ್ತಿ ಭಟ್ಟಾರಕ ಸ್ವಾಮಿಗಳ ನೇತೃತ್ವದಿಂದಲೂ ಅದು ನೆರವೇರಿತು. ಆಗಿನ 1008 ಕಲಶಗಳನ್ನು ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಶತಾಬ್ದಿ ಕಲಶ 10, ದಿವ್ಯ ಕಲಶ 4, ರತ್ನ ಕಲಶ 4, ಸ್ವರ್ಣ ಕಲಶ 200, ರಜತ ಕಲಶ 200, ತಾಮ್ರ ಕಲಶ 280, ಕಾಂಸ್ಯ ಕಲಶ 300, ಗುಳ್ಳಕಾಯಜ್ಜಿಯ ಹೆಸರಿನ ಕಲಶ 10. ಲೆಕ್ಕ ಹಾಕಿ ನೋಡಿದರೆ ಮೇಲಿನ ಮೂರು ದರ್ಜೆಗಳಲ್ಲಿ ಇದ್ದದ್ದು 18 ಕಲಶಗಳು ಮಾತ್ರ. ತಾಮ್ರ ಮತ್ತು ಕಾಂಸ್ಯದವು 580, ಅಂದರೆ ಅರ್ಧಕ್ಕಿಂತ ಹೆಚ್ಚು. ಶಿಖರದಲ್ಲಿ ಕೆಲವರಿಗೆ ಸ್ಥಳ, ಬುಡದಲ್ಲಿ ಬಹುಜನರಿಗೆ ಸ್ಥಳ ಎಂಬುದು ಅದರ ರಚನೆಯಾಗಿತ್ತು.

ಅದಕ್ಕೆ ಮುನ್ನ 1980ರಲ್ಲಿ ದೆಹಲಿಯಿಂದ ಹೊರಟ ಜನಮಂಗಲ ಮಹಾಕಲಶವು ದೇಶದ ನಾನಾ ಊರುಗಳಲ್ಲಿ ಸಂಚರಿಸಿತು. ಆಗಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಅದರ ಯಾತ್ರೆಗೆ ಚಾಲನೆಯಿತ್ತಿದ್ದರು. ಶ್ರವಣಬೆಳ್ಗೊಳಕ್ಕೆ ಬರಲಾರದವರ ಊರಿಗೇ ಉತ್ಸವವು ಬಂದಂತಾಯಿತು. ದಾನಿಗಳನ್ನು ಒಂದೆಡೆಗೆ ಕರೆಯುವುದಕ್ಕಿಂತ ದಾನಿಗಳ ಬಾಗಿಲಿಗೆ ಪುಣ್ಯಾವಕಾಶವನ್ನು ಒಯ್ಯುವುದು ಎಷ್ಟು ಫಲಕಾರಿ ಎಂಬುದನ್ನು ಆ ಯಾತ್ರೆಯು ತೋರಿಸಿಕೊಟ್ಟಿತು.

ಚಿನ್ನದ ಗಣಿಯ ಆಶ್ರಯದಲ್ಲಿ

ಈ ಪರಂಪರೆಯು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೊಸ ರೂಪದಲ್ಲಿ ಬಂತು. ಮೈಕೇಲ್ ಲವೆಲ್ ಎಂಬಾತನಿಗೆ 1875ರಲ್ಲಿ ಗಣಿಗಾರಿಕೆಯ ಅನುಮತಿ ದೊರೆಯಿತು. ಮುಂದೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯ ಆಡಳಿತದಲ್ಲಿ ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಮೈಸೂರು ಗಣಿಗಳು ಬೆಳೆದವು. ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರಿನಿಂದ ಗಣಿಗಳಿಗೆ 1894ರಲ್ಲಿ ರೈಲು ಮಾರ್ಗವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿದುಬಂತು. ಕೆಲಸ ಹುಡುಕಿಕೊಂಡು ಬಂದವರಿಗಾಗಿ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಎದ್ದವು. ಜವಳಿ, ದಿನಸಿ, ಗಿರವಿ, ಬೆಳ್ಳಿಬಂಗಾರದ ವ್ಯಾಪಾರಗಳಿಗಾಗಿ ರಾಜಸ್ಥಾನ, ಗುಜರಾತುಗಳಿಂದಲೂ ಕನ್ನಡನಾಡಿನ ಇತರ ಭಾಗಗಳಿಂದಲೂ ಜೈನ ಕುಟುಂಬಗಳು ಬಂದು ನೆಲಸಿದವು.

ಈ ಪೇಟೆಗಳಲ್ಲಿ ಅರಸನ ದತ್ತಿಯಿರಲಿಲ್ಲ, ಉಂಬಳಿಯ ಭೂಮಿಯಿರಲಿಲ್ಲ. ಧರ್ಮಕಾರ್ಯಕ್ಕೆ ಆಧಾರವಾದುದು ಅಂಗಡಿಯೇ. ವರ್ತಕರಲ್ಲಿ ಧರ್ಮಾದಾಯವೆಂಬ ಹಳೆಯ ಪದ್ಧತಿಯುಂಟು. ಸರಕಿನ ಬೆಲೆಯ ಜೊತೆಗೆ ಗಿರಾಕಿಯಿಂದ ಅಲ್ಪ ಮೊತ್ತವನ್ನು ಧರ್ಮಕ್ಕೆಂದು ಪಡೆದು, ಖಾತೆಯಲ್ಲಿ ಬೇರೆಯಾಗಿ ಬರೆದು, ವರ್ಷಕ್ಕೊಮ್ಮೆ ಗುಡಿಗೋ ಛತ್ರಕ್ಕೋ ಗೋಶಾಲೆಗೋ ಒಪ್ಪಿಸುವುದು. ಅವಿನೀತನ ಕಾಲದ ಸುಂಕದ ಪಾಲು ದೊರೆಯ ಆಜ್ಞೆಯಿಂದ ಬಂದದ್ದು. ಧರ್ಮಾದಾಯವು ವರ್ತಕನ ಮನಸ್ಸಾಕ್ಷಿಯಿಂದ ಬಂದದ್ದು. ಈ ಹಣವು ವರ್ತಕನ ಆದಾಯವೇ ಎಂಬ ಪ್ರಶ್ನೆಯು ಆದಾಯ ತೆರಿಗೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1979ರ ಕಾನೂನು ವರದಿಗಳಲ್ಲಿ ಪ್ರಕಟವಾದ ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದ ತೀರ್ಪಿನಲ್ಲಿ, ಧರ್ಮಕ್ಕೆಂದೇ ಪಡೆದ ಹಣವು ಮೊದಲಿನಿಂದಲೂ ಧರ್ಮದ ಸ್ವತ್ತು, ವರ್ತಕನ ಆದಾಯವಲ್ಲ ಎಂದು ನ್ಯಾಯಾಲಯವು ನಿರ್ಣಯಿಸಿತು. ವರ್ತಕನು ಅದರ ಒಡೆಯನಲ್ಲ, ಕಾಪುಗಾರನು ಮಾತ್ರ ಎಂದು ಹಿರಿಯರು ನಂಬಿದ್ದ ಮಾತಿಗೆ ಕಾನೂನಿನ ಬಲವೂ ದೊರೆತಂತಾಯಿತು.

ಕಾಲಚಕ್ರವು ತಿರುಗಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಏರ್ಪಟ್ಟಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತುಹೋಯಿತು. ಗಣಿಯ ಬಟವಾಡೆಯನ್ನು ನಂಬಿದ್ದ ಪೇಟೆಯ ವ್ಯಾಪಾರಕ್ಕೆ ಅದು ದೊಡ್ಡ ಪೆಟ್ಟು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಯುವಜನರೇ ಇಂದು ಈ ಊರುಗಳ ಅನೇಕ ಮನೆಗಳಿಗೆ ಆಧಾರ. ಕೆಲವು ಕುಟುಂಬಗಳು ಊರನ್ನೇ ಬಿಟ್ಟವು. ದೊಡ್ಡ ಉತ್ಸವದ ದಿನ ಎಲ್ಲರೂ ಬರುತ್ತಾರೆ, ಕೈತುಂಬ ಕೊಡುತ್ತಾರೆ. ಉಳಿದ ಮುನ್ನೂರ ಅರವತ್ತು ದಿನಗಳ ದೀಪಕ್ಕೆ ಯಾರು ಹೊಣೆ ಎಂಬುದೇ ಈಗ ಸಮಾಜದ ಮುಂದಿರುವ ಪ್ರಶ್ನೆ. ಗಣಿಯ ಕಾಲದಲ್ಲಿ ಈ ಪ್ರಶ್ನೆಗೆ ಅವಕಾಶವಿರಲಿಲ್ಲ. ಇಂದು ಇದನ್ನು ಮರೆತು ಉತ್ಸವ ಮಾಡಿದರೆ ನೊಣಮಂಗಲದ ದಿಬ್ಬದ ನೆನಪು ಬಾರದೆ ಇರದು.

ಉತ್ಸವದ ಯೋಜನೆ ಹೇಗಿರಬೇಕು

ಶಾಸನಗಳೂ ಹಿರಿಯರ ರೂಢಿಯೂ ಸೇರಿ ಕಲಿಸಿರುವ ಪಾಠಗಳು ಕೆಲವುಂಟು.

ಮೊದಲನೆಯದು, ಉದ್ದೇಶದ ನಿರ್ಣಯ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ, ಬರುವ ದ್ರವ್ಯದಲ್ಲಿ ಕಟ್ಟಡಕ್ಕೆ ಎಷ್ಟು, ಮಹೋತ್ಸವದ ವೆಚ್ಚಕ್ಕೆ ಎಷ್ಟು, ನಿತ್ಯಪೂಜೆಯ ಮೂಲನಿಧಿಗೆ ಎಷ್ಟು ಎಂದು ಸಮಿತಿಯು ಗೊತ್ತುವಳಿ ಮಾಡತಕ್ಕದ್ದು. ಚಪ್ಪರ, ವಾದ್ಯ, ಅನ್ನಸಂತರ್ಪಣೆಗಳು ಕಣ್ಣಿಗೆ ಕಾಣುವ ವೆಚ್ಚಗಳು. ಮೂಲನಿಧಿಯು ಕಣ್ಣಿಗೆ ಕಾಣದು. ಆದಕಾರಣ ಅದನ್ನು ಕೊನೆಗೆ ಉಳಿದರೆ ನೋಡೋಣ ಎಂದು ಬಿಡದೆ, ಮೊದಲು ತೆಗೆದಿಡಬೇಕು.

ಎರಡನೆಯದು, ದ್ರವ್ಯಗಳ ವಿಂಗಡಣೆ. ದೇವರಿಗೆ ಅರ್ಪಿಸಿದ ದ್ರವ್ಯವನ್ನು ಸ್ವಂತಕ್ಕೆ ಬಳಸುವುದು ಮಹಾದೋಷವೆಂದು ಉಭಯ ಸಂಪ್ರದಾಯಗಳೂ ಹೇಳುತ್ತವೆ. ಜಿನಬಿಂಬ, ಜಿನಮಂದಿರ, ಜಿನಾಗಮ, ಸಾಧು, ಸಾಧ್ವಿ, ಶ್ರಾವಕ, ಶ್ರಾವಿಕೆ ಎಂಬ ಸಪ್ತಕ್ಷೇತ್ರಗಳ ವಿಭಾಗವು ದಾನಕ್ಕೆ ಶಾಸ್ತ್ರವು ತೋರಿಸಿದ ಖಾತೆಗಳೇ ಆಗಿವೆ. ಪೂಜೆಯ ಹಣ ಪೂಜೆಗೆ, ಔಷಧದಾನದ ಹಣ ಔಷಧಕ್ಕೆ, ಶಾಸ್ತ್ರದಾನದ ಹಣ ವಿದ್ಯೆಗೆ. ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ಕೈಗಡ ಕೊಡುವ ಅಭ್ಯಾಸದಿಂದ ಅನೇಕ ಸಂಸ್ಥೆಗಳು ಕೆಟ್ಟಿವೆ. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯು ವಿದ್ಯಾರ್ಥಿನಿಲಯಗಳಿಗಾಗಿ ದುಡಿದದ್ದನ್ನು ಇಲ್ಲಿ ಸ್ಮರಿಸಬಹುದು. ವಿದ್ಯೆಗೆಂದು ಕೇಳಿದರೆ ವಿದ್ಯೆಗೆ ಕೊಡುವವರು ಬೇರೆಯೇ ಇದ್ದಾರೆ.

ಮೂರನೆಯದು, ದರ್ಜೆಗಳ ಏರ್ಪಾಡು. ಸಹಸ್ರಾಬ್ದಿಯ ಕಲಶಗಳಂತೆ ಸಣ್ಣ ದಾನಿಗೂ ಗೌರವದ ಸ್ಥಳವಿರಬೇಕು. ಒಂದು ದಿನದ ಹಾಲು, ಒಂದು ತಿಂಗಳ ದೀಪ, ಒಂದು ಚದರಡಿಯ ನೆಲಗಲ್ಲು ಎಂದು ವಿಂಗಡಿಸಿದರೆ, ಸಂಬಳದ ಮೇಲೆ ಬದುಕುವ ಗೃಹಸ್ಥನೂ ಸಂಕೋಚವಿಲ್ಲದೆ ಮುಂದೆ ಬರುತ್ತಾನೆ. ಅವನ ಹೆಸರೂ ಪಟ್ಟಿಯಲ್ಲಿ ಸಮಾನವಾದ ಅಕ್ಷರಗಳಲ್ಲಿ ಬರಬೇಕು. ದೂರದ ಊರುಗಳಿಗೆ ಹೋಗಿ ನೆಲಸಿದ ಕುಟುಂಬಗಳಿಗೆ ತಿಂಗಳ ವಂತಿಗೆಯ ಪದ್ಧತಿಯನ್ನು ಏರ್ಪಡಿಸಿದರೆ ಮೊಸಳೆಯ ವರ್ತಕರ ಮಾರ್ಗವೇ ಮತ್ತೆ ನಡೆದಂತಾಗುತ್ತದೆ.

ನಾಲ್ಕನೆಯದು, ಸವಾಲಿನ ವಸೂಲಿ. ಸಭೆಯ ಉತ್ಸಾಹದಲ್ಲಿ ಕೂಗಿದ ಮೊತ್ತವು ಆ ಕ್ಷಣದಿಂದಲೇ ದೇವರ ಋಣ. ಅದನ್ನು ಸ್ಥಳದಲ್ಲಿಯೇ ಬರೆದು, ಸಹಿ ಪಡೆದು, ವಾಯಿದೆಯನ್ನು ನಿಶ್ಚಯಿಸತಕ್ಕದ್ದು. ಬಾರದ ಹಣವನ್ನು ನಂಬಿ ಶಿಲ್ಪಿಗೂ ಗಾರೆಯವರಿಗೂ ಮಾತು ಕೊಟ್ಟರೆ ಆ ಬಡವರ ಕೂಲಿ ನಿಲ್ಲುತ್ತದೆ. ದೇವರ ಮನೆಯ ಹೆಸರಿನಲ್ಲಿ ಕೂಲಿ ನಿಲ್ಲಿಸುವುದು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಸಲ್ಲದು.

ಐದನೆಯದು, ಮೂಲನಿಧಿಯ ಪೋಷಣೆ. ಶಾಶ್ವತ ಪೂಜೆಗೆಂದು ಹಿಂದೆ 501 ರೂಪಾಯಿ ಇಟ್ಟವರು ಶೇಕಡ 10ರ ಬಡ್ಡಿಯಲ್ಲಿ ವರ್ಷಕ್ಕೆ 50 ರೂಪಾಯಿ ಬರುವುದೆಂದು ಎಣಿಸಿದ್ದರೆ, ಶೇಕಡ 6ರ ಬಡ್ಡಿಗೆ ಬರುವುದು 30 ರೂಪಾಯಿ ಮಾತ್ರ. ಹಾಲು ತುಪ್ಪಗಳ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಆದುದರಿಂದ ಬಡ್ಡಿಯನ್ನೆಲ್ಲ ವೆಚ್ಚ ಮಾಡದೆ ಒಂದಂಶವನ್ನು ಮೂಲಕ್ಕೆ ಸೇರಿಸುತ್ತ ಹೋಗಬೇಕು. ಪೂಜೆಯ ದರಗಳನ್ನು ಕೆಲವು ವರ್ಷಗಳಿಗೊಮ್ಮೆ ಪರಿಶೀಲಿಸಬೇಕು. ಶಾಶ್ವತವೆಂಬ ಪದವನ್ನು ರಸೀದಿಯಲ್ಲಿ ಅಚ್ಚು ಮಾಡಿಸಿದ ಮಾತ್ರಕ್ಕೆ ಪೂಜೆ ಶಾಶ್ವತವಾಗದು.

ಕೊನೆಯದು, ಲೆಕ್ಕದ ಪ್ರಕಟಣೆ. ಬಂದ ಹಣಕ್ಕೆಲ್ಲ ರಸೀದಿ, ಸಂಸ್ಥೆಯ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ, ಇಬ್ಬರ ಸಹಿ, ಲೆಕ್ಕಪರಿಶೋಧನೆ, ಮಹೋತ್ಸವ ಮುಗಿದ ಮೇಲೆ ಸಭೆಯಲ್ಲಿ ಜಮಾಖರ್ಚಿನ ವಾಚನ. ಸ್ಮರಣ ಸಂಚಿಕೆಗೆ ವರ್ತಕ ಬಂಧುಗಳು ಕೊಡುವ ಜಾಹೀರಾತಿನ ಹಣವೂ ದಾನವೇ; ಮುದ್ರಣದ ವೆಚ್ಚ ಕಳೆದು ಉಳಿದದ್ದೆಷ್ಟು ಎಂಬುದು ಅವರಿಗೂ ತಿಳಿಯತಕ್ಕದ್ದು. ಹಿಂದಿನವರು ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲಲ್ಲಿ ನಿಲ್ಲಿಸಿದರು. ಬಸದಿಯ ಗೋಡೆಯ ಮೇಲೆ ತೂಗುಹಾಕಿದ ವಾರ್ಷಿಕ ಲೆಕ್ಕದ ಪಟ್ಟಿಯು ಇಂದಿನ ಶಿಲಾಶಾಸನ. ಅದನ್ನು ಓದಿದವನು ಮರುವರ್ಷ ಕೇಳದೆಯೇ ಕೊಡುತ್ತಾನೆ.

ಧನದ ಸಂಗ್ರಹವು ಪರಿಗ್ರಹವಲ್ಲವೇ ಎಂಬ ಶಂಕೆಯು ಕೆಲವರಿಗೆ ಬರಬಹುದು. ತನಗಾಗಿ ಕೂಡಿಸಿದರೆ ಪರಿಗ್ರಹ. ಕೂಡಿಸಿದ್ದನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಕ್ಕೆ ಹರಿಯಬಿಟ್ಟರೆ ಅದೇ ಅಪರಿಗ್ರಹದ ಅಭ್ಯಾಸ. ಅಣುವ್ರತಿಯಾದ ಶ್ರಾವಕನು ತನ್ನ ಗಳಿಕೆಗೆ ಮಿತಿಯನ್ನು ಹಾಕಿಕೊಂಡಾಗ, ಮಿತಿಯ ಆಚೆಗೆ ಉಳಿದದ್ದು ಸಮಾಜಕ್ಕೆ ಸೇರುತ್ತದೆ. ಅದನ್ನು ಸ್ವೀಕರಿಸುವ ಸಂಸ್ಥೆಯೂ ಅಷ್ಟೇ ಶುಚಿಯಾಗಿರಬೇಕು.

ಭೂಮಿಯ ಒಡಲಿನಿಂದ ನೂರಾರು ಟನ್ ಬಂಗಾರವನ್ನು ಎತ್ತಿಕೊಟ್ಟ ಪ್ರದೇಶವಿದು. ಆ ಬಂಗಾರ ಇಲ್ಲಿ ಉಳಿಯಲಿಲ್ಲ. ಈ ಬಸದಿಯಲ್ಲಿ ಇಂದು ಪ್ರತಿಷ್ಠಿತವಾಗುತ್ತಿರುವ ಜಿನಬಿಂಬದ ಮುಂದೆ ಹಚ್ಚಿದ ದೀಪವು ಮಕ್ಕಳ ಕಾಲದಲ್ಲಿಯೂ ಮೊಮ್ಮಕ್ಕಳ ಕಾಲದಲ್ಲಿಯೂ ಉರಿಯಬೇಕಾದರೆ, ಮನೆಗೆ ವರ್ಷಕ್ಕೆ ಒಂದು ಹಣವೆಂಬ ಬುಕ್ಕರಾಯನ ಕಾಲದ ಕಟ್ಟಳೆಯ ತಿರುಳನ್ನು ಬಂಗಾರಪೇಟೆಯ, ಚಿನ್ನದ ಗಣಿಯ ಪ್ರತಿಯೊಂದು ಜೈನ ಮನೆಯೂ ತನ್ನದಾಗಿಸಿಕೊಳ್ಳಬೇಕು. ಮಂಗಳ ಮಹಾಶ್ರೀ.